ಕೊನೆಯ ಕೋಣೆಯ ಒಲೆ

ನಂಜನಗೂಡು,
೧೯೧೧ನೆಯ ಇಸವಿ ಫೆಬ್ರವರಿ ೯

ಪ್ರೀತಿಯ ತಮ್ಮ ಗಂಗಾಧರಸ್ವಾಮಿಗೆ ಅಕ್ಕ ರುದ್ರಾಣಿಯ ಆಶೀರ್ವಾದಗಳು.

ನಿನ್ನ ಕೆಮ್ಮು ಕಡಿಮೆಯಾಯಿತೇ? ಬೆಳಗಿನ ಹೊಳೆಗಾಳಿಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಳ್ಳದೆ ಗದ್ದೆಗೆ ಹೋಗಬೇಡವೆಂದು ಮಂಗಳಮ್ಮ ಹೇಳಿದರೆ ನೀನು ಕೇಳುವುದಿಲ್ಲ. ನಾನು ಹೇಳಿದರೆ ಕೇಳಿದಂತೆ ನಟಿಸುತ್ತೀಯೆ, ಅಷ್ಟಾದರೂ ಮಾಡು. ಇಲ್ಲಿ ನಾವೆಲ್ಲ ಕ್ಷೇಮ. ನಮ್ಮ ಸೋದರತ್ತೆಗೆ ಮಂಡಿನೋವು ಇದ್ದೇ ಇದೆ. ಆದರೂ ಲಿಂಗಪೂಜೆಯ ನೀರನ್ನು ತಾವೇ ತರುತ್ತಾರೆ, ಆ ಬಿಂದಿಗೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಶಿವರಾತ್ರಿ ಕಳೆದರೆ ಅವರನ್ನು ತಿರುಮಕೂಡಲಿಗೆ, ನಿನ್ನ ಮನೆಗೆ ಕರೆದೊಯ್ಯುವ ಸರದಿ ನಿನ್ನದು. ಈ ಸಲ ಅದರ ವಿಷಯವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ ಆಮೇಲೆ ಕೋಪ ಮಾಡಿಕೊ.

ಪ್ಲೇಗಿನ ಕಾಲದಲ್ಲಿ ಊರಾಚೆ ದಿಣ್ಣೆಯ ಮೇಲೆ ಕಟ್ಟಿಸಿದ ಹೆಂಚಿನ ಸಾಲುಮನೆ ನೀನು ನೋಡಿದ್ದೀಯೆ. ಪಾಳುಬಿದ್ದ ಅದನ್ನು ರಿಪೇರಿ ಮಾಡಿಸಿ, ನೆರೆಯಲ್ಲಿ ಮನೆ ಕಳೆದುಕೊಂಡ ಬಡ ಸಂಸಾರಗಳಿಗೆ ಕೊಡುವುದು, ತುದಿಯ ನಾಲ್ಕು ಕೋಣೆಗಳನ್ನು ವಯಸ್ಸಾದವರಿಗೆ ಮೀಸಲಿಡುವುದು ಎಂದು ಮುನಿಸಿಪಾಲಿಟಿಯಲ್ಲಿ ದಸರೆಯಿಂದಲೂ ಚರ್ಚೆ ನಡೆಯುತ್ತಿದೆ. ಅರ್ಧ ಖರ್ಚು ಸರ್ಕಾರದ್ದು, ಉಳಿದರ್ಧವನ್ನು ಊರು ಭರಿಸಬೇಕು. ನಿನ್ನ ಭಾವ ಸದಸ್ಯರಾದ್ದರಿಂದ ಊಟಕ್ಕೆ ಕೂತಾಗಲೆಲ್ಲ ನಮ್ಮಲ್ಲಿ ಇದೇ ಮಾತು. ಅನಾಥಾಲಯಗಳ ಬಗ್ಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಓದಿದ್ದನ್ನು ನೆನೆದು, ವಯಸ್ಸಾದವರಿಗೆ ಕೋಣೆಗೊಂದು ಒಲೆ ಯಾಕೆ, ಒಂದೇ ಅಡಿಗೆಮನೆ, ಒಬ್ಬ ಅಡಿಗೆಯವನು ಸಾಕು, ಸೌದೆಯೂ ಉಳಿಯುತ್ತದೆ, ಹೊಗೆಯೂ ಇರುವುದಿಲ್ಲ ಎಂದು ಸೂಚಿಸಿದವಳು ನಾನೇ. ಅವರು ಅದನ್ನೇ ಸಭೆಯ ಮುಂದಿಟ್ಟರು.

ಸೋಮವಾರ ಛತ್ರದ ಹಜಾರದಲ್ಲಿ ಸಭೆ ಸೇರಿತು. ಅತ್ತೆಯೂ ನಾನೂ ಇನ್ನು ಕೆಲವು ಹೆಂಗಸರೂ ಪಕ್ಕದ ಕೋಣೆಯಲ್ಲಿ ಬಾಗಿಲ ಮರೆಗೆ ಕೂತಿದ್ದೆವು. ಅಂಗಡಿಬೀದಿಯ ಸದಸ್ಯರೊಬ್ಬರು, ಬೀದಿಯ ಲಾಂದ್ರಕ್ಕೆ ಎಣ್ಣೆ ಹಾಕುವುದಕ್ಕೇ ಗತಿಯಿಲ್ಲ, ಮುದುಕರಿಗೆ ಅರಮನೆ ಕಟ್ಟಬೇಕೇ ಎಂದು ನಕ್ಕರು. ಅದಕ್ಕೆ ತೋಟದ ಚಾಮಯ್ಯ, "ನಿಮ್ ಲಾಂದ್ರದ ಬೆಳಕ್ನಲ್ಲೇ ಓಗಿ ನೋಡಿ ಸಾ, ಈ ಛತ್ರದ ಜಗಲೀಲಿ ಮಲಗಿರೋರು ಯಾರು ಅಂತ. ನಿಮ್ ಬೀದಿಯೋರೇ ಸಿಕ್ತಾರೆ" ಎಂದ. ಆಮೇಲೆ ಯಾರೂ ನಗಲಿಲ್ಲ. ಹಣಕ್ಕೆ ಒಪ್ಪಿಗೆ ಸಿಕ್ಕಿತು. ಅಡಿಗೆಮನೆಯ ಮಾತು ಬಂದಾಗ ನಮ್ಮ ಅತ್ತೆ, ಸೆರಗು ಹೊದ್ದು ಬಾಗಿಲ ಹತ್ತಿರಕ್ಕೆ ಸರಿದು, ಅಷ್ಟು ಗಂಡಸರಿಗೂ ಕೇಳುವಂತೆ ಹೇಳಿದರು:

"ಒಂದು ಮಾತು ಸ್ವಾಮಿ. ಒತ್ತೊತ್ತಿಗೆ ಅನ್ನ ಇಕ್ಕೋಕೆ ಈ ಛತ್ರವೇ ಐತೆ. ಒಲೆ ಕೊಡಾದಾದ್ರೆ ಅದನ್ನ ಮನೆ ಅನ್ನಿ. ಇಲ್ದಿದ್ರೆ ಅನ್ಬ್ಯಾಡಿ."

ಅಧ್ಯಕ್ಷರು ಯಾರದು ಎಂದು ಕೇಳಿದರು. ನಿನ್ನ ಭಾವ ತಲೆ ತಗ್ಗಿಸಿ, ನಮ್ಮ ಮನೆಯ ಹಿರಿಯರು ಎಂದರು. ಕೊನೆಗೆ ಕೋಣೆಗೊಂದು ಒಲೆಯೆಂದೇ ತೀರ್ಮಾನವಾಯಿತು. ದಿಕ್ಕಿಲ್ಲದವರಿಗೆ ಮಾತ್ರ ಜಾಗ ಕೊಡಬೇಕೆಂದು ಕೆಲವರು ಹಟ ಹಿಡಿದರು. ಬಂಧುಗಳಿರುವವರೂ ಬರಬಹುದು, ಆದರೆ ಆ ಬಂಧುಗಳು ಸಭೆಗೆ ಬಂದು ತಮ್ಮ ಬಾಯಿಂದಲೇ ಒಪ್ಪಿಗೆ ಹೇಳಬೇಕು ಎಂಬಲ್ಲಿಗೆ ಅದು ನಿಂತಿತು.

ಮನೆಗೆ ಬಂದು ಕಾಲು ತೊಳೆಯುತ್ತಲೇ ಅತ್ತೆ, "ಕೊನೇ ಕೋಣೆ ನಂಗೆ ಕೇಳು ರುದ್ರಾಣಿ" ಎಂದರು. ನನಗೆ ಸಿಟ್ಟು ಬಂತು. ನಮ್ಮಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದೆ. "ಕಮ್ಮಿ ಏನಿಲ್ಲ ಕಣವ್ವ. ನೀನೂ ಕೂತ್ಕೊ ಅಂತೀಯ, ಅಲ್ಲಿ ಮಂಗಳೀನೂ ಕೂತ್ಕೊ ಅಂತಾಳೆ. ಕೂತು ಕೂತು ಎರಡು ಮನೇಗೂ ನೆಂಟ್ರಂಗೆ ಆಗೋಗಿವ್ನಿ. ನನ್ನ ಒಲೇಲಿ ಕೆಂಡ ಐತಾ ಅಂತ ಒಬ್ರು ಕೇಳ್ಕೊಂಡು ಬಂದು ಎಷ್ಟು ಕಾಲ ಆಯ್ತು" ಎಂದರು.

ನಿನಗೆ ನೆನಪಿದೆಯೋ ಇಲ್ಲವೋ. ಅಮ್ಮ ಹೋದ ಮೇಲೆ ಅತ್ತೆ ನಮ್ಮಿಬ್ಬರನ್ನೂ ಸಾಕಿದ ಆ ವರ್ಷಗಳಲ್ಲಿ, ಬೆಳಗಾದರೆ ಅಕ್ಕಪಕ್ಕದ ಹೆಂಗಸರು ಬೆರಣಿಯ ತುಂಡು ಹಿಡಿದು ನಮ್ಮ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅತ್ತೆ ಕೆಂಡ ಕೊಡುತ್ತಾ ಎಲ್ಲರನ್ನೂ ವಿಚಾರಿಸುತ್ತಿದ್ದರು, ಬೈಯುವವರನ್ನು ಬೈಯುತ್ತಲೂ ಇದ್ದರು. ಅಪ್ಪ ತೀರಿಕೊಂಡ ಮೇಲೆ ನಾವು ಅವರಿಗೆ ಮರ್ಯಾದೆ ಮಾಡಲು ಹೊರಟೆವು. ಒಲೆಯ ಹತ್ತಿರ ಬಿಡಲಿಲ್ಲ. ಅದು ಮರ್ಯಾದೆಯೇ ಎಂದು ಈಗ ಕೇಳಿಕೊಳ್ಳುತ್ತೇನೆ. ಅವರು ಹೋಗುತ್ತೇನೆಂದಾಗ ನನಗೆ ಬಂದದ್ದು ದುಃಖವೋ, ಸದಸ್ಯರ ಮನೆಯ ಮುದುಕಿ ಬಡವರ ಸಾಲಿಗೆ ಬಿದ್ದಳು ಎಂದು ಊರು ಆಡಿಕೊಳ್ಳುತ್ತದೆಂಬ ಭಯವೋ, ನನಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಎರಡೂ ಇದ್ದಿರಬೇಕು. ಇನ್ನೊಬ್ಬರು ನಿರ್ಗತಿಕರ ಜಾಗ ತಪ್ಪಿಹೋಗುತ್ತದಲ್ಲಾ ಎಂದೂ ಅವರಿಗೆ ಹೇಳಿ ನೋಡಿದೆ. ಕೋಣೆಯಲ್ಲಿ ಇಬ್ಬರು ಮಲಗಬಹುದು, ಛತ್ರದ ಜಗಲಿಯಲ್ಲಿ ಮಲಗುವ ಸಾಕಮ್ಮನನ್ನು ಜೊತೆಗೆ ಕರೆದುಕೊಳ್ಳುತ್ತೇನೆ ಎಂದರು. ಅದನ್ನೂ ಯೋಚಿಸಿಟ್ಟುಕೊಂಡಿದ್ದಾರೆ.

ನಿನ್ನ ಭಾವ ಒಪ್ಪಿದ್ದಾರೆ. ನಾನೂ ತಡವಾಗಿ ಒಪ್ಪಿದ್ದೇನೆ. ಉಳಿದಿರುವುದು ಅವರ ತವರುಮನೆಯವನಾದ ನಿನ್ನ ಮಾತು. ಬರುವ ಸೋಮವಾರ ಸಭೆಯಿದೆ. ನೀನು ಬೇಡವೆಂದರೆ ಅವರು ಎದುರಾಡುವುದಿಲ್ಲ. ಎಂದಿನಂತೆ ಗಂಟು ಕಟ್ಟಿಕೊಂಡು ಗಾಡಿ ಹತ್ತುತ್ತಾರೆ. ಆದ್ದರಿಂದಲೇ ಅವರ ಬದಲು ನಾನು ಬರೆಯುತ್ತಿದ್ದೇನೆ.

ಮಂಗಳಮ್ಮನಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಂಜುಂಡೇಶ್ವರ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ರುದ್ರಾಣಿ

ಮರೆತ ಮಾತು: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಒಪ್ಪಿ ಬರುವುದಾದರೆ, ಅಪ್ಪನ ಮನೆಯ ಒಲೆಯಿಂದ ಕೆಂಡ ತೆಗೆದು, ಬೆರಣಿಗೆ ಹೊತ್ತಿಸಿ, ಮಡಕೆಯಲ್ಲಿ ಬೂದಿ ಮುಚ್ಚಿ ಗಾಡಿಯಲ್ಲಿ ತರಬೇಕಂತೆ. ಹೊಸ ಒಲೆಗೆ ಅದೇ ಬೆಂಕಿ ಬೇಕೆಂದು ಅತ್ತೆಯ ಆಸೆ, ನಿನ್ನನ್ನು ಕೇಳಲು ಸಂಕೋಚ. ಸಾಲುಮನೆ ಯುಗಾದಿಗೆ ಮೊದಲು ಸಿದ್ಧವಾಗುವುದಿಲ್ಲ. ಅಲ್ಲಿಯವರೆಗೆ ಅದನ್ನು ನನ್ನ ಒಲೆಯಲ್ಲಿ ಆರದಂತೆ ಕಾಯಬೇಕು, ಅದು ನನ್ನ ಕೈಲಾಗುವ ಕೆಲಸವಲ್ಲ. ಹಾಗಾಗಿ ಇವತ್ತಿನಿಂದಲೇ ಒಲೆಯನ್ನು ಅವರಿಗೆ ಬಿಟ್ಟಿದ್ದೇನೆ. ಒಳಗಿನಿಂದ ಊದುಗೊಳವೆಯ ಸದ್ದು ಕೇಳುತ್ತಿದೆ, ಹೊಗೆ ಇಲ್ಲಿಯವರೆಗೂ ಬರುತ್ತಿದೆ. ಕೂತ್ಕೊಳ್ಳಿ ಅತ್ತೆ ಎನ್ನಲು ನಾನು ಎದ್ದು ಹೋಗಿಲ್ಲ.