ಹತ್ತೊಂಬತ್ತು ದಿನ ಬಾಳಿದ ಬ್ರೇಕು

ವಾಹನ ಬಿಡಿಭಾಗಗಳ ಗುಣಮಟ್ಟ ನೋಡಬೇಕಾದ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ,

ಹೊಸ ಡಬ್ಬಿಯಲ್ಲಿ ಹಳೆಯ ಸಾಮಾನು ತುಂಬಿ ಮಾರುವವರನ್ನು ತಾವು ಯಾವತ್ತಾದರೂ ತಡೆದು ಕೇಳಿದ್ದುಂಟೇ? ನನ್ನ ಕಾರಿಗೆ ಹಾಕಿಸಿದ ಬ್ರೇಕಿನ ಬಿಡಿಭಾಗ ಹತ್ತೊಂಬತ್ತನೇ ದಿನ ಕೈಕೊಟ್ಟಿತು. ನಾನು ಚನ್ನಗಿರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವವನು. ಅಂದರೆ, ಕಾರು ನಿಲ್ಲಿಸುವುದು ಹೇಗೆಂದು ಊರಿಗೆಲ್ಲ ಹೇಳಿಕೊಡುವವನು. ನಗು ಬಂದರೆ ನಕ್ಕುಬಿಡಿ, ಸಂಕೋಚ ಬೇಡ.

ಮೊದಲು ನನ್ನ ತಪ್ಪು. ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರತೊಡಗಿದಾಗ ಮೆಕ್ಯಾನಿಕ್ ಭೀಮೇಶ್, "ಕಂಪನಿದೇ ಹಾಕ್ಸ್ರಿ ಸಾರ್, ಇದ್ರಾಗೆ ಚೌಕಾಸಿ ಬ್ಯಾಡ" ಎಂದ. ನಾನು ಜಾಣ. ಪೇಟೆಯ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ತಂದೆ. ಮಿರುಗುವ ಡಬ್ಬಿ, ಅದರ ಮೇಲೊಂದು ಹೊಳೆಯುವ ಚೀಟಿ. ಉಳಿದ ದುಡ್ಡಿನಲ್ಲಿ ಕಾರಿನ ಹಿಂಭಾಗಕ್ಕೆ 'ಸುರಕ್ಷತೆಯೇ ನಮ್ಮ ಉಸಿರು' ಎಂದು ದಪ್ಪಕ್ಷರದಲ್ಲಿ ಬರೆಸಿದೆ.

ಆಗ ನನ್ನಲ್ಲಿ ಕಲಿಯುತ್ತಿದ್ದವರು ಅಂಜಿನಮ್ಮ. ಸೂಳೆಕೆರೆಯ ಮೀನು ತಂದು ಚನ್ನಗಿರಿಯಲ್ಲಿ ಮಾರುವ, ಐವತ್ತು ದಾಟಿದ ಹೆಂಗಸು. ಮೀನಿನ ಬುಟ್ಟಿ ಕಂಡರೆ ಬಸ್ಸಿನವರು ಹತ್ತಿಸುವುದಿಲ್ಲವೆಂದು ಹಳೆಯ ವ್ಯಾನೊಂದನ್ನು ಕೊಂಡಿದ್ದರು. "ಹೆದರಬ್ಯಾಡ್ರಿ ಅಮ್ಮ, ನನ್ನ ಕಾಲತ್ರಾನೂ ಒಂದು ಬ್ರೇಕ್ ಐತೆ" ಎಂದು ಧೈರ್ಯ ಹೇಳಿದ್ದೆ. ಆ ಎರಡು ಪೆಡಲ್‌ಗಳೂ ಒಂದೇ ಸಿಲಿಂಡರನ್ನು ನಂಬಿಕೊಂಡಿವೆ ಎಂಬುದನ್ನು ಹೇಳಿರಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಸೂಳೆಕೆರೆ ಏರಿಯಿಂದ ಇಳಿಜಾರಿಗೆ ಬಂದೆವು. ಮುಂದೆ, ನಾಟಿಗೆ ಹೊರಟ ಹೆಂಗಸರನ್ನು ತುಂಬಿಕೊಂಡ ಲಗೇಜ್ ಆಟೊ ನಿಂತಿತ್ತು. ಅಂಜಿನಮ್ಮ ಬ್ರೇಕ್ ಒತ್ತಿದರು. ಪೆಡಲ್ ಸೀದಾ ತಳ ಮುಟ್ಟಿತು. ನನ್ನದನ್ನು ಒತ್ತಲು ಹೋದೆ. ಅದೂ ಆಗಲೇ ತಳದಲ್ಲಿತ್ತು. ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ನಾನು ಮಾಡಿದ್ದು ಇಷ್ಟೇ: ಕಣ್ಣು ಮುಚ್ಚಿಕೊಂಡು "ಬ್ರೇಕ್! ಬ್ರೇಕ್!" ಎಂದು ಕಿರುಚಿದೆ.

"ಅದು ಹೋಗೈತೆ, ನೀವು ಸುಮ್ಕಿರ್ರಿ" ಎಂದರು ಅಂಜಿನಮ್ಮ. ಗೇರ್ ಇಳಿಸಿದರು, ಹ್ಯಾಂಡ್ ಬ್ರೇಕ್ ಎಳೆದರು, ರಸ್ತೆ ಪಕ್ಕ ಸುರಿದಿದ್ದ ಮಣ್ಣಿನ ಗುಡ್ಡೆಗೆ ಕಾರು ನುಗ್ಗಿಸಿದರು.

"ಕಣ್ ಬಿಡ್ರಿ ಸಾರ್, ನಿಂತೈತೆ."

ಆಟೊ ಎರಡು ಮಾರು ದೂರದಲ್ಲಿತ್ತು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. "ನೀವೇ ಎರಡನೇ ದಿನ ಹೇಳಿದ್ರಲ್ಲ" ಎಂದರು. ಆಮೇಲೆ ಹ್ಯಾಂಡ್ ಬ್ರೇಕ್ ಬಿಡದೆ ಆಟೊದ ಕಡೆ ನೋಡಿದರು. "ಆ ಆಟೋದಾಗೆ ನನ್ನ ಸೊಸೆ ಅದಾಳೆ ಸಾರ್."

ನಾನು ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟೆ, ಆಮೇಲೆ ಕಾರನ್ನು ಭೀಮೇಶನ ಬಳಿಗೆ ಎಳೆಸಿಕೊಂಡು ಹೋದೆ.

ಭೀಮೇಶ್ ಸಿಲಿಂಡರ್ ಬಿಚ್ಚಿ ತೋರಿಸಿದ. ಹೊರಗೆ ಹೊಸ ಬಣ್ಣ, ಒಳಗೆ ತುಕ್ಕು ಉಜ್ಜಿದ ಗೀರುಗಳು; ರಬ್ಬರ್ ವಾಷರ್ ಬೆರಳಲ್ಲೇ ಪುಡಿಯಾಯಿತು. ಅಂಗಡಿಯವರು "ರಬ್ಬರ್ ಐಟಂಗೆ ಗ್ಯಾರಂಟಿ ಇಲ್ರೀ" ಎಂದರು. ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹೊಸದಾದ್ರೆ ನಮ್ಮ ಟೇಬಲ್, ಹಳೇದಾದ್ರೆ ಪಕ್ಕದ್ದು. ಹಳೇದನ್ನ ಹೊಸದು ಮಾಡಿದ್ದಕ್ಕೆ ಟೇಬಲ್ಲೇ ಇಲ್ವಲ್ರೀ" ಎಂದು ಮರುಗಿದರು.

ಹಳೆಯದನ್ನು ಸರಿಮಾಡಿ ಮಾರುವುದೇ ಅಪರಾಧವೆಂದು ನಾನು ಹೇಳುತ್ತಿಲ್ಲ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಎಷ್ಟೋ ಗಾಡಿಗಳು ಅಂಥವುಗಳಿಂದಲೇ ಓಡುತ್ತಿವೆ. ಆದರೆ ಸರಿಮಾಡಿದ್ದಕ್ಕೂ ಬಣ್ಣ ಬಳಿದದ್ದಕ್ಕೂ ವ್ಯತ್ಯಾಸ ಬೇಡವೇ? ಅದನ್ನು ಗುರುತಿಸಬೇಕಾದವರು ಯಾರು, ನನ್ನಂಥ ಜಾಣರೇ? ಅಂಜಿನಮ್ಮ ಲೈಸೆನ್ಸ್ ಪಡೆದರು. ತಮ್ಮ ವ್ಯಾನಿಗೆ ಬಿಡಿಭಾಗ ಹಾಕಿಸುವಾಗ "ಡಬ್ಬಿ ನನ್ನ ಮುಂದೇನೇ ಬಿಚ್ಚಪ್ಪ" ಎಂದು ಭೀಮೇಶನ ಎದುರು ಕೂತಿದ್ದರು. ಇಡೀ ಜಿಲ್ಲೆಯಲ್ಲಿ ಸದ್ಯಕ್ಕೆ ನಡೆಯುತ್ತಿರುವ ತಪಾಸಣೆ ಅದೊಂದೇ.

ಆದ್ದರಿಂದ, ಮರುತಯಾರಿಸಿದ ಬ್ರೇಕಿನ ಸಾಮಾನಿನ ಡಬ್ಬಿಯ ಮೇಲೆ ಅದನ್ನು ತಯಾರಿಸಿದವರು ಯಾರು, ಯಾವಾಗ ಎಂದು ಕನ್ನಡದಲ್ಲಿ ಅಚ್ಚಾಗಲಿ. ಅಂಗಡಿಗಳಿಂದ ಮಾದರಿ ಒಯ್ದು ಪರೀಕ್ಷಿಸಿ, ಫಲಿತಾಂಶವನ್ನು ತಾಲ್ಲೂಕು ಕಚೇರಿಗಳ ಬಾಗಿಲಿಗೆ ಅಂಟಿಸಿ. ಉತ್ತರ ನನಗೆ ಬರೆಯಬೇಡಿ, ನಾನು ಅರ್ಹನಲ್ಲ. ಬೆಳಿಗ್ಗೆ ಏಳಕ್ಕೆ ಸೂಳೆಕೆರೆಯ ಇಳಿಜಾರಿನಲ್ಲಿ ಆಟೊ ಹತ್ತುವ ಆ ಹೆಂಗಸರ ಮುಂದೆ ನಿಂತು ಓದಿ ಹೇಳಿ.

ಇಂತಿ,
ಈ ತಪ್ಪಿನಲ್ಲಿ ತಮ್ಮ ಪಾಲುದಾರ,
ರುದ್ರಮುನಿ
ಡ್ರೈವಿಂಗ್ ಶಿಕ್ಷಕ, ಚನ್ನಗಿರಿ