ಗಂಜಿ ಬೇಡವೆಂದು ಹಾಡಿದ ಸಂಜೆ

ಪ್ರೀತಿಯ ಗೂಡಿನಣ್ಣನಿಗೆ ನಮಸ್ಕಾರಗಳು.

ನಿಮ್ಮನ್ನು ಹಾಗೆ ಕರೆಯಲು ಶುರುಮಾಡಿದವರು ಯಾರೋ ನೆನಪಿಲ್ಲ. ರಂಗದ ಅಂಚಿನಲ್ಲಿ, ಪ್ರೇಕ್ಷಕರಿಗೆ ಕಾಣದ ಮರದ ಗೂಡಿನೊಳಗೆ ಮೊಣಕಾಲು ಮಡಚಿ ಕೂತು, ಗಾಯಕರಿಗೆ ಮುಂದಿನ ಸಾಲು ಪಿಸುಗುಟ್ಟುತ್ತಿದ್ದ ನಿಮಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ.

ನಾನು ಮೊದಲ ಸಲ ನಿಮ್ಮ ರಂಗಮಂದಿರಕ್ಕೆ ಬಂದಾಗ ನೀವು ನಕ್ಕಿದ್ದಿರಿ. ಆಗ ನಾನು ಊರೂರು ತಿರುಗುವ ಸಂಗೀತ ನಾಟಕದ ಕಂಪನಿಯಲ್ಲಿದ್ದೆ. ಹಾಡು, ಕುಣಿತ, ಏಣಿಯಿಂದ ಬೀಳುವ ಹಾಸ್ಯ, ಏನು ಹೇಳಿದರೂ ಸೈ. ನಿಮ್ಮ ಒಪೆರಾದ ನಾಯಕನಿಗೆ ಗಂಟಲು ಕಟ್ಟಿತ್ತು. ಅಷ್ಟು ಎತ್ತರದ ಸ್ವರಕ್ಕೆ ಏರಬಲ್ಲ ಟೆನರ್ ದನಿಯ ಗಂಡಸು ಹತ್ತಿರದಲ್ಲಿ ನಾನೊಬ್ಬನೇ ಎಂದು ಕರೆಸಿದರು. ಅವನ ದೊಗಲೆ ಕೋಟನ್ನು ನನ್ನ ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿಮಾಡಿದರು. ಒಪೆರಾದ ಆ ಪರದೇಶದ ಭಾಷೆ ನನಗೆ ಬರದು. ಸಾಲುಗಳು ಅರ್ಧಂಬರ್ಧ ಬಾಯಿಪಾಠ. ಅವನ್ನೇ ಗೊಣಗುತ್ತ ನಿಂತಿದ್ದವನ ಹತ್ತಿರ ಬಂದು ನೀವು, “ನನ್ನ ಬಾಯಿ ನೋಡ್ತಾ ಇರು ಕಣೋ. ಹೀರೋಯಿನ್ ಎಲ್ಲೂ ಓಡಿಹೋಗಲ್ಲ” ಎಂದಿರಿ.

ಆ ಇಡೀ ಸಂಜೆ ನನ್ನ ತೋಳಿನಲ್ಲಿದ್ದವಳನ್ನು ಬಿಟ್ಟು ನಿಮ್ಮ ಬೋಳುತಲೆಗೆ ಪ್ರೇಮಗೀತೆ ಹಾಡಿದೆ. ಪರದೆ ಬಿದ್ದ ಮೇಲೆ, “ನನ್ನ ಹೆಂಡ್ತಿ ಕೂಡ ನನ್ನನ್ನ ಇಷ್ಟು ಆಸೆಯಿಂದ ನೋಡಿಲ್ಲಪ್ಪ” ಎಂದು ಬೆನ್ನು ತಟ್ಟಿದಿರಿ. ಆಮೇಲೆ ತಪ್ಪಿದ ಸಾಲುಗಳನ್ನೆಲ್ಲ ಒಂದೊಂದಾಗಿ ಎತ್ತಿ ಬೈದಿರಿ. ಅಷ್ಟು ಗಮನವಿಟ್ಟು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಅಲ್ಲಿಂದ ನನ್ನ ಬದುಕು ಹಾಗೇ ನಡೆಯಿತು, ಅಣ್ಣ. ಒಂದು ತಿಂಗಳು ರಾಜಕುಮಾರ, ಇನ್ನೊಂದು ತಿಂಗಳು ಕುಣಿಯುವ ಅಂಚೆಯವ. ಒಪೆರಾದವರು ನನ್ನನ್ನು ನಾಟಕದವನೆಂದರು, ನಾಟಕದವರು ಒಪೆರಾದವನೆಂದರು. ಎಲ್ಲರಿಗೂ ಬೇಕಾದವನಾದೆ, ಯಾರವನೂ ಆಗಲಿಲ್ಲ. ಕಟ್ಟಿಕೊಂಡವಳು ನರ್ತಕಿ. ನಮ್ಮಿಬ್ಬರ ರೈಲುಗಳು ಯಾವಾಗಲೂ ಬೇರೆಬೇರೆ ದಿಕ್ಕಿನವು. ಜಗಳವಿಲ್ಲದೆಯೇ ಬೇರೆಯಾದೆವು. ಈಗ ನನ್ನ ಮನೆಯೆಂದರೆ ಹೋಟೆಲಿನ ಕೋಣೆ, ಕಿಟಕಿಯ ಸರಳಿಗೆ ಒಣಹಾಕಿದ ಕಾಲುಚೀಲ, ಉಪ್ಪುನೀರಿನ ಲೋಟ.

ಹೋದ ಶನಿವಾರ ನಿಮ್ಮ ಹಳೆಯ ರಂಗಮಂದಿರದಲ್ಲೇ ನಡೆದ ವಿಷಯ ಕೇಳಿ. ನೀವು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಗೂಡಿಗೆ ಹಲಗೆ ಹೊಡೆದರು, ಗೊತ್ತಲ್ಲ. ಈಗ ಹಾಡಿನ ಅರ್ಥ ನಮ್ಮ ಭಾಷೆಯಲ್ಲಿ ರಂಗದ ಮೇಲಿನ ಫಲಕದಲ್ಲಿ ಬೆಳಗುತ್ತದೆ, ಜನ ತಲೆಯೆತ್ತಿ ಓದುತ್ತಾರೆ. ಸೆರೆಮನೆಯ ದೃಶ್ಯ. ರಂಗದಲ್ಲಿ ನಾನೊಬ್ಬನೇ. ಮರುದಿನ ಸಾಯಲಿರುವವನು ಪ್ರಿಯತಮೆಯನ್ನು ನೆನೆದು ಹಾಡುವ ಹಾಡು. ಎಷ್ಟೋ ಸಲ ಹಾಡಿದ್ದು. ಎರಡನೆಯ ಚರಣಕ್ಕೆ ಬಾಯಿ ತೆರೆದೆ, ಒಂದೇ ಒಂದು ಪದ ಬರಲಿಲ್ಲ. ಕಣ್ಣು ತಾನಾಗಿ ಗೂಡಿನತ್ತ ಹೋಯಿತು. ಅಲ್ಲಿ ಹಲಗೆ.

ವಾದ್ಯಗಳು ಕಾಯುವುದಿಲ್ಲ. ಬೆಳಗ್ಗೆ ಬಟ್ಟೆ ಒಗೆಯುವವನಿಗೆ ಹೇಳಿದ್ದ ಮಾತು ನಾಲಿಗೆಗೆ ಬಂತು. ನಮ್ಮ ಭಾಷೆಯಲ್ಲೇ ಹಾಡಿಬಿಟ್ಟೆ. “ಎರಡು ಅಂಗಿ, ಒಂದೇ ಪ್ಯಾಂಟು, ಗಂಜಿ ಬೇಡ, ಗಂಜಿ ಬೇಡಾ...” ಆ ಕೊನೆಯ ‘ಬೇಡಾ’ ಎಷ್ಟು ಎತ್ತರಕ್ಕೆ ಏರಬೇಕಿತ್ತೋ ಅಷ್ಟಕ್ಕೂ ಏರಿತು. ಎಲ್ಲರೂ ಓದುತ್ತಿದ್ದ ಫಲಕದಲ್ಲಿ ‘ನೀನಿಲ್ಲದೆ ನನಗೆ ಬೆಳಗಿಲ್ಲ’ ಎಂದಿತ್ತಂತೆ. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಲ್ಲಲೇ ಇಲ್ಲ.

ಮರುದಿನ ನಿರ್ದೇಶಕನ ಬಳಿ ಹೋಗಿ ನಾನೇ ಹೇಳಿದೆ. “ಹೌದಾ? ಯಾರಿಗೂ ಗೊತ್ತಾಗಿಲ್ಲ ಬಿಡಿ ಸಾರ್, ಚೆನ್ನಾಗೇ ಬಂತು” ಎಂದು ಫೋನು ಎತ್ತಿಕೊಂಡ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಣ್ಣ. ಸಾವಿರ ಜನರ ಎದುರು ಗಂಟಲು ಹರಿಯುವಂತೆ ಹಾಡಿದವನನ್ನು ಒಬ್ಬರೂ ಕೇಳಿರಲಿಲ್ಲ. ಕೋಣೆಗೆ ಬಂದು ಬೂಟು ಕೂಡ ಬಿಚ್ಚದೆ ಕೂತುಬಿಟ್ಟೆ.

ಆಗಲೇ ನಿಮ್ಮ ಮನೆಗೆ ಫೋನು ಮಾಡಿದ್ದು. ನಿಮ್ಮ ಮಗಳು ತೆಗೆದಳು. “ಅಂಕಲ್, ಗಂಟಲ ಆಪರೇಷನ್ ಆದ್ಮೇಲೆ ಅಪ್ಪಂಗೆ ಮಾತೇ ಇಲ್ಲ. ಕಿವಿ ಮಾತ್ರ ಚುರುಕಾಗಿದೆ. ಫೋನ್ ಹಿಡೀತೀನಿ, ನೀವೇ ಮಾತಾಡಿ” ಎಂದಳು. ಆ ಕಡೆ ನಿಮ್ಮ ಉಸಿರು ಮಾತ್ರ. ಹೇಗಿದ್ದೀರಿ ಎಂದು ಕೇಳುವಂತಿಲ್ಲ. ಅದಕ್ಕೇ ನನಗೆ ಬರುವ ಒಂದೇ ಕೆಲಸ ಮಾಡಿದೆ. ಶನಿವಾರದ ಚರಣವನ್ನು ಹಾಡಿದ್ದ ಹಾಗೆಯೇ, ಅಂಗಿ, ಪ್ಯಾಂಟು, ಗಂಜಿ ಸಮೇತ, ಪೂರ್ತಿ ದನಿಯಲ್ಲಿ ಹಾಡಿದೆ. ಪಕ್ಕದ ಕೋಣೆಯವರು ಗೋಡೆ ಬಡಿದರು.

ನಿಮ್ಮ ಕಡೆಯಿಂದ ಏನೋ ಗೊರಗೊರ ಸದ್ದು ಕೇಳಿತು. ನಾನು ಹೆದರಿಹೋದೆ. ಮಗಳು ಫೋನು ಕಿತ್ತುಕೊಂಡು, “ಏನು ಹಾಡಿದ್ರಿ ಅಂಕಲ್? ಅಪ್ಪ ನಗ್ತಿದ್ದಾರೆ! ಆಸ್ಪತ್ರೆಯಿಂದ ಬಂದ್ಮೇಲೆ ಇವತ್ತೇ ನೋಡಿ ನಗ್ತಿರೋದು” ಎಂದಳು. ಅವಳ ದನಿ ಒಡೆದಿತ್ತು. ನನ್ನದೂ.

ನಿಮಗೆ ಉತ್ತರ ಕೊಡಲಾಗದೆಂದು ಅವತ್ತು ಉಳಿದದ್ದನ್ನು ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ. ನಾಡಿದ್ದು ಇಲ್ಲಿಯ ಕೊನೆಯ ಆಟ. ಅದು ಮುಗಿದರೆ ಯಾವ ಊರಿನ ಆಟಕ್ಕೂ ಒಪ್ಪಿಕೊಂಡಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಒಂದು ಕುರ್ಚಿ ಖಾಲಿ ಇದ್ದರೆ ಸಾಕು.

ಗಂಟಲು ಬೆಚ್ಚಗಿರಲಿ, ಅಣ್ಣ. ಸೋಮವಾರ ಬರುತ್ತೇನೆ.

ನಿಮ್ಮ ಬಾಯಿ ನೋಡಿ ಬದುಕಿದವ