ಶಾಂಭವಿ ಹೇಳಿ ಮುಗಿಸೋತನಕ

ರೀ,

ನಮ್ಮವ್ವನ ಕಣ್ಣು ತೋರಿಸಾಕ ಹೊಸಪೇಟೆಗೆ ಹೊಂಟೀನಿ. ರೊಟ್ಟಿ, ಪುಂಡಿಪಲ್ಯ ಬುಟ್ಟ್ಯಾಗ ಅದಾವ. ಟಿಪ್ಪರ್ ಬಿಟ್ಟು ಬಂದವರು ಮೊದಲು ಮೈ ತೊಳಕೊಳ್ರಿ. ಆ ಕೆಂಪು ಧೂಳು ಹಾಸಿಗಿಗೆ ಹತ್ತಿದ್ರ ನಿಮ್ಮ ಕೈಲೇ ಒಗಸ್ತೀನಿ.

ನಾಕು ಗಂಟೆಗೆ ಶಾಂಭವಿ ಸಾಲಿಯಿಂದ ಬರ್ತಾಳ. ಮಾತಾಡುವಾಗ ತಡವರಿಸಿದ್ರ ಮುಂದಿನ ಮಾತು ನೀವು ಹೇಳಬ್ಯಾಡ್ರಿ. ಇಂಥ ಮಕ್ಕಳಿಗಂತ ತಾಲ್ಲೂಕಿನಿಂದ ಬರೋ ಟೀಚರ್ ನನಗೂ ಇದನ್ನೇ ಹೇಳ್ಯಾರ: "ನೀವು ಕಾಯ್ರಿ, ಅಕಿ ಹೇಳ್ತಾಳ." ಅದಿರು ತೂಗೋ ಕಾಟಾದ ಮುಂದ ನಾಕು ತಾಸು ಸುಮ್ಮನ ಕುಂದ್ರತೀರಲ್ಲ, ಮಗಳ ಒಂದು ಮಾತಿಗೆ ಕುಂದ್ರಾಕ ಏನು ಧಾಡಿ?

ನಿನ್ನೆ ಕ್ಲಾಸಿನ್ಯಾಗ ಅಪ್ಪನ ಹೆಸರು ಕೇಳ್ಯಾರ. ಬಾಜೂ ಹುಡುಗಿ ತಾನೇ ಹೇಳಾಕ ಬಾಯಿ ತೆಗೆದ್ರ, ಅವರ ಕ್ಲಾಸ್ ಟೀಚರ್ ಬ್ಯಾಡ ಅಂತ ಕೈ ಮಾಡಿದ್ರಂತ. ನಲವತ್ತು ಮಕ್ಕಳು ಪಿಟ್ಟೆನ್ನದೆ ಕಾದಾರ. ಅಕಿ ಭಾಳ ಹೊತ್ತು ತೊಗೊಂಡಾಳ, ಆದ್ರ ಪೂರಾ ಹೇಳ್ಯಾಳ.

ಇವತ್ತು ಎದುರಿಗೆ ಕುಂತು ನೀವೂ ಕೇಳ್ರಿ. ಹತ್ತು ವರ್ಷ ಸಂಸಾರ ಮಾಡಿ ನಾ ಒಮ್ಮೆನೂ ಬಾಯಿಬಿಟ್ಟು ಹೇಳದ ಹೆಸರು, ಮಗಳ ಬಾಯಿಂದ ಕೇಳ್ರಿ.

ಶಾಂಭವಿ ಅವ್ವ